ವರ್ತಮಾನ ಕಾಲದ ಗಂಡ

ನಮ್ಮ ಭಾವ ತೀರಿಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವಳು ಕೂತಿದ್ದ ಕುರ್ಚಿಗೆ ಸರಿಯಾಗಿ ಒಂದು ಮಹಡಿ ಮೇಲೆ. ಅವಳಿಗೆ ಅದು ತಿಳಿದದ್ದು ಹನ್ನೆರಡು ಗಂಟೆಗೆ.

ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಹಿತ್ತಾಳೆ ತೂಕಗಳ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಆ ದಿನ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿಯೊಂದರ ತಕ್ಕಡಿಗೆ ಬಗ್ಗಿದವರು ಹಾಗೇ ಕುಸಿದರಂತೆ. ದೂರದಿಂದ ಇವರನ್ನು ಕಂಡರೆ ಶಟರ್ ಎಳೆಯುತ್ತಿದ್ದ ಅಂಗಡಿಯವರೇ ಹೊತ್ತು ತಂದು ಆಸ್ಪತ್ರೆಗೆ ಹಾಕಿದರು. ಹೆಸರು ಗೊತ್ತಿಲ್ಲದ್ದಕ್ಕೆ 'ತಕ್ಕಡಿ ಸಾಹೇಬರು' ಎಂದಷ್ಟೇ ಬರೆಸಿದರು. ಕೆಳಗಿನ ನೆಲಮಾಳಿಗೆಯ ದಾಖಲೆ ವಿಭಾಗದಲ್ಲಿ ನಮ್ಮಕ್ಕ ಅಷ್ಟು ಹೊತ್ತೂ ಬೇರೆ ಯಾರದೋ ಫೈಲಿಗೆ ದಾರ ಕಟ್ಟುತ್ತಿದ್ದಳು. ಕೊನೆಗೆ ಒಬ್ಬ ವಾರ್ಡ್ ಆಯಾ ಮುಖ ಗುರುತು ಹಿಡಿದು ಓಡಿಬಂದು ಹೇಳಿದಳು.

ಅಕ್ಕ ಅಳಲಿಲ್ಲ. ಅವತ್ತು ಅಳಲಿಲ್ಲ, ಮರುದಿನ ಅಳಲಿಲ್ಲ, ಕಾರ್ಯಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೂ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಟೀ ಸಾಲದು ಅಂತ ಹಾಲು ತರಿಸಿದಳು, ಭಾವನ ಶರ್ಟುಗಳನ್ನು ಒಗೆದು ಇಸ್ತ್ರಿ ಮಾಡಿ ಕಪಾಟಿನಲ್ಲಿ ಜೋಡಿಸಿದಳು. ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಮುಖವನ್ನು ಹುಟ್ಟಿದಾಗಿನಿಂದ ನೋಡಿದವಳು. ಆ ಮುಖದಲ್ಲಿ ಏನೂ ಇರಲಿಲ್ಲ. ದುಃಖ ನುಂಗಿಕೊಂಡವರ ಮುಖ ನನಗೆ ಗೊತ್ತು, ಇದು ಅದಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ಕೆನ್ನೆ ನಮ್ಮದಲ್ಲ ಅನಿಸುತ್ತದಲ್ಲ, ಹಾಗೆ ಇಡೀ ಮನುಷ್ಯಳೇ ಮರಗಟ್ಟಿದ್ದಳು.

ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಕಲ್ಲೆದೆ ಅಂದರು. ಆಗ ಬಾಯಿ ಮುಚ್ಚಿಸಿದ್ದು ಭಾವನ ತಾಯಿ. ನಾವೆಲ್ಲ ಅವರನ್ನು ಅಜ್ಜಿ ಅನ್ನುತ್ತಿದ್ದೆವು. ಎಪ್ಪತ್ತೆರಡು ವರ್ಷ, ಮಂಡಿನೋವು, ನಾಲಿಗೆ ಮಾತ್ರ ಹದಿನೆಂಟರದು. ಬಾಗಿಲಲ್ಲಿ ನಿಂತು ಕೇಳುವಂತೆಯೇ ಹೇಳಿದರು: "ನನ್ನ ಮಗನಿಗೆ ಅಳೋಕೆ ನಾನೊಬ್ಬಳು ಸಾಕು. ಅವಳು ಯಾವಾಗ ಬೇಕಾದ್ರೂ ಅಳ್ತಾಳೆ, ಬೇಡವಾದ್ರೆ ಬಿಡ್ತಾಳೆ. ನಿಮಗೇನು ಕೊಡ ಹಿಡಿದುಕೊಂಡು ಕಾಯ್ತಾ ಇದ್ದೀರಾ?"

ಹದಿನಾರನೆಯ ದಿನ ಅಕ್ಕ ಕೆಲಸಕ್ಕೆ ಹೋದಳು. ದಾಖಲೆ ವಿಭಾಗದ ಕೆಲಸ ಹೀಗೆ: ಆಸ್ಪತ್ರೆಯಿಂದ ಹೊರಟವರ ಫೈಲು, ಮನೆಗೆ ಹೋದವರಿರಲಿ ಆ ಲೋಕಕ್ಕೆ ಹೋದವರಿರಲಿ, ಕೆಳಗೆ ಬರುತ್ತದೆ. ಪುಟಗಳು ಕ್ರಮದಲ್ಲಿವೆಯೇ, ಡಾಕ್ಟರ ಸಹಿ ಇದೆಯೇ ಎಂದು ನೋಡಿ, ದಪ್ಪ ಪುಸ್ತಕದಿಂದ ರೋಗದ ಸಂಕೇತ ಹುಡುಕಿ ಬರೆದು, ನಂಬರಿನ ಕೊನೆಯ ಎರಡು ಅಂಕಿಯ ಪ್ರಕಾರ ಕಪಾಟಿಗೆ ಸೇರಿಸಬೇಕು. ಅವತ್ತಿನ ಕಟ್ಟಿನಲ್ಲಿ ಭಾವನ ಫೈಲೂ ಇತ್ತು. ಅವಳ ಮೇಲಧಿಕಾರಿ ಒಳ್ಳೆಯ ಮನುಷ್ಯ, ಕೈ ಚಾಚಿದರು.

"ಅದನ್ನ ಇಲ್ಲಿ ಕೊಡಿ ಮೇಡಂ. ನಾನು ಮಾಡ್ತೀನಿ."

"ನಲವತ್ತರಿಂದ ಐವತ್ತೊಂಬತ್ತರವರೆಗೆ ನನ್ನ ಸಾಲು ಸರ್. ಇದು ನಲವತ್ತೇಳು."

ಅವಳೇ ತೆರೆದಳು. ಪುಟ ಎಣಿಸಿದಳು. ಸಾವಿನ ವರದಿಯಲ್ಲಿ ಚಿಕ್ಕ ಡಾಕ್ಟರು ಸಮಯ ಬರೆಯುವುದನ್ನು ಮರೆತಿದ್ದರು. ಅಕ್ಕ ಅದಕ್ಕೊಂದು ಚೀಟಿ ಸಿಕ್ಕಿಸಿದಳು: 'ಸಮಯ ನಮೂದಿಸಿ ಸಹಿ ಮಾಡಿ.' ಫೈಲು ಮೇಲೆ ಹೋಗಿ ಮರುದಿನ ವಾಪಸು ಬಂತು, 11.20 ಎಂದು ಬರೆಸಿಕೊಂಡು. ನಮಗೆ ಆ ಸಮಯ ಗೊತ್ತಾದದ್ದೇ ಹಾಗೆ.

ಇದನ್ನು ಅವಳು ನನಗೆ ಹೇಳಿದಾಗ, ತರಕಾರಿ ಬೆಲೆ ಹೇಳುವ ಧ್ವನಿಯಲ್ಲಿ ಹೇಳಿದಳು. ನನಗೆ ತಡೆಯಲಾಗಲಿಲ್ಲ. "ನೀನು ಮನುಷ್ಯಳೇನೇ?" ಅಂದುಬಿಟ್ಟೆ. ಅವಳು ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲ ಕಣೇ," ಅಂದಳು. ವ್ಯಂಗ್ಯವಾಗಿ ಅಲ್ಲ, ನಿಜಕ್ಕೂ ಗೊತ್ತಿಲ್ಲದವರ ಹಾಗೆ. ಆ ಮಾತನ್ನು ಆಡಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ತೊಂದರೆ ಇದ್ದದ್ದು ಸಂಜೆಯದು. ಭಾವ ಮನೆಗೆ ಬರುತ್ತಿದ್ದದ್ದು ಐದೂವರೆಗೆ. ಅಕ್ಕನ ಕೆಲಸ ಐದಕ್ಕೆ ಮುಗಿಯುತ್ತಿತ್ತು. ಐದೂವರೆಗೆ ಮನೆಯಲ್ಲಿ ಇರುವುದು ಅವಳಿಂದ ಆಗುತ್ತಿರಲಿಲ್ಲ. ನೋವಾಗುತ್ತಿತ್ತು ಅಂತಲ್ಲ. ಕೈಕಾಲು ಏನು ಮಾಡಬೇಕು ಎಂದೇ ಹೊಳೆಯುತ್ತಿರಲಿಲ್ಲವಂತೆ. ಹಾಗಾಗಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಬಸ್ಸುಗಳನ್ನು ಬಿಡುತ್ತಿದ್ದಳು. ಎದುರಿಗೇ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗ. ಅದರ ಗೇಟಿನ ಪಕ್ಕ ನನ್ನ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ನನ್ನ ಅಂಗಡಿಗೂ ಅವಳು ಬರುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಎದ್ದು ರಸ್ತೆ ದಾಟಿ ಆ ಗೇಟಿನೊಳಗೆ ಹೋಗುವುದನ್ನು ಕಂಡೆ. ಶೌಚಾಲಯಕ್ಕಿರಬೇಕು ಅಂದುಕೊಂಡೆ.

ಒಳಗೆ ಗುಮಾಸ್ತ ಕೇಳಿದನಂತೆ: "ಯಾವ ಭಾಷೆ ಮೇಡಂ?"

"ಯಾವುದಿದೆ?"

"ಫ್ರೆಂಚ್ ತುಂಬಿದೆ. ಜರ್ಮನ್ ತುಂಬಿದೆ. ಇಟಾಲಿಯನ್‌ಗೆ ಏಳೇ ಜನ. ಎಂಟನೇದವರು ಬರ್ಲಿಲ್ಲ ಅಂದ್ರೆ ನಾಳೆ ಕ್ಲಾಸು ಮುಚ್ತಾರೆ."

"ಎಷ್ಟೊತ್ತಿಗೆ?"

"ಐದೂವರೆಯಿಂದ ಏಳು."

"ಬರ್ತೀನಿ."

ಹೀಗೆ ನಮ್ಮಕ್ಕ ಇಟಾಲಿಯನ್ ಕಲಿತಳು. ಇಟಲಿ ಭೂಪಟದಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ಅವಳಿಗೆ ಬೂಟಿನ ಆಕಾರ ಅನ್ನುವುದಷ್ಟೇ ಗೊತ್ತಿತ್ತು.

ಪಾಠ ಹೇಳುವ ಮೇಷ್ಟ್ರಿಗೆ ಐವತ್ತರ ಹತ್ತಿರ. ತರುಣರಾಗಿದ್ದಾಗ ಹಡಗಿನ ಕಂಪನಿಯೊಂದರ ಗುಮಾಸ್ತರಾಗಿ ಹೋಗಿ, ಅಲ್ಲಿನ ಬಂದರು ಊರಿನಲ್ಲಿ ಒಂಬತ್ತು ವರ್ಷ ಇದ್ದು, ಬಾಡಿಗೆ ಮನೆಯ ಯಜಮಾನಿಯಿಂದ ಭಾಷೆಯನ್ನೂ ಬೈಗುಳವನ್ನೂ ಕಲಿತು ಬಂದವರು. ಮೊದಲ ಪಾಠದಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು: ನಿಮ್ಮ ಹೆಸರೇನು, ಏನು ಕೆಲಸ, ಮದುವೆ ಆಗಿದೆಯೇ. ಪುಸ್ತಕದಲ್ಲಿದ್ದ ಉತ್ತರ ಎರಡೇ. ಆಗಿದೆ, ಆಗಿಲ್ಲ.

"ಆಗಿದೆ," ಅಂದಳು ಅಕ್ಕ.

"ನಿಮ್ಮ ಗಂಡ ಏನು ಮಾಡ್ತಾರೆ?"

ಅವಳಿಗೆ ಸುಳ್ಳು ಹೇಳುವ ಯೋಚನೆ ಇರಲಿಲ್ಲ. ಆದರೆ ಆ ಭಾಷೆಯಲ್ಲಿ ಅವಳಿಗೆ ಆಗ ಗೊತ್ತಿದ್ದದ್ದು ವರ್ತಮಾನ ಕಾಲ ಒಂದೇ. ಮೇಷ್ಟ್ರು ಹೇಳಿಕೊಟ್ಟ ಮಾತುಗಳನ್ನು ಜೋಡಿಸಿ ಹೇಳಿದಳು: "ನನ್ನ ಗಂಡ ತಕ್ಕಡಿಗಳನ್ನು ನೋಡುತ್ತಾನೆ."

ಎಲ್ಲರೂ ನಕ್ಕರು. ಮೇಷ್ಟ್ರು ತಿದ್ದಿದರು: "ಪರೀಕ್ಷಿಸುತ್ತಾನೆ." ಅವಳು ಬರೆದುಕೊಂಡಳು.

ಅಲ್ಲಿಂದ ಮುಂದೆ ವಾರಕ್ಕೊಂದು ಕಿರುಪ್ರಬಂಧ. ನನ್ನ ಮನೆ. ನನ್ನ ಕುಟುಂಬದ ಒಂದು ಸಂಜೆ. ನಾವು ಕೊಳ್ಳುವ ಹಣ್ಣು. ಅಕ್ಕ ಬರೆಯುತ್ತಿದ್ದಳು: ನನ್ನ ಗಂಡ ಐದೂವರೆಗೆ ಬರುತ್ತಾನೆ. ಪೆಟ್ಟಿಗೆಯನ್ನು ಬಾಗಿಲ ಹಿಂದೆ ಇಡುತ್ತಾನೆ. ಕಿತ್ತಳೆ ಹಣ್ಣನ್ನು ಅಂಗೈಯಲ್ಲಿಟ್ಟು ನೂರ ಎಂಬತ್ತು ಗ್ರಾಂ ಎನ್ನುತ್ತಾನೆ. ಅವನ ಅಮ್ಮ, ನಿನ್ನ ತಲೆ ಎಷ್ಟು ಗ್ರಾಂ ಎಂದು ಕೇಳುತ್ತಾಳೆ. ಅವನು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಓದುತ್ತಾನೆ, ಆದ್ದರಿಂದ ಅದನ್ನು ಆಮೇಲೆ ಬೇರೆ ಯಾರೂ ಓದಲು ಆಗುವುದಿಲ್ಲ.

ಮೇಷ್ಟ್ರು ಅದನ್ನು ತರಗತಿಗೆ ಓದಿ ಹೇಳಿದರು. "ನೋಡ್ರಪ್ಪ, 'ನನ್ನ ಗಂಡ ಒಳ್ಳೆಯವನು' ಅಂತ ಇಲ್ಲಿ ಎಲ್ಲೂ ಇಲ್ಲ. ಕಿತ್ತಳೆ ಹಣ್ಣು ಇದೆ, ನೂರ ಎಂಬತ್ತು ಗ್ರಾಂ ಇದೆ. ಇದಕ್ಕೆ ವಾಸ್ತವ ಅಂತಾರೆ. ಮುಂದೆ ಇಟಲಿಯವರ ಕಾದಂಬರಿ ಓದುವಾಗ ಗೊತ್ತಾಗುತ್ತೆ."

ತರಗತಿಯ ಉಳಿದ ಏಳು ಜನರಿಗೂ ಭಾವ ಪರಿಚಿತರಾದರು. ಬಾಗಿಲಲ್ಲಿ ಸಿಕ್ಕಿದರೆ "ತಕ್ಕಡಿ ಸಾಹೇಬರು ಹೇಗಿದ್ದಾರೆ?" ಅನ್ನುತ್ತಿದ್ದರು. ವರ್ಷದ ಕೊನೆಯ ಸಮಾರಂಭಕ್ಕೆ ಎಲ್ಲರೂ ಮನೆಯವರನ್ನು ಕರೆದುಕೊಂಡು ಬರಬೇಕು ಎಂದಾಗ, ಅಕ್ಕ, ಅವರಿಗೆ ಹೊರಗಡೆ ತಪಾಸಣೆ ಇದೆ ಅಂದಳಂತೆ. 'ಡಾಕ್ಟರ ಬಳಿ' ಅನ್ನುವ ಪಾಠ ಬಂದಾಗ ಏನಾದರೂ ಕಾಯಿಲೆ ಬೇಕಿತ್ತು. ಅಜ್ಜಿಯ ಮಂಡಿನೋವನ್ನು ಎತ್ತಿ ಭಾವನಿಗೆ ಕೊಟ್ಟಳು. ಮರುವಾರ ಮೇಷ್ಟ್ರು ಒಂದು ಬಾಟಲಿ ಎಣ್ಣೆ ತಂದು ಕೈಗಿಟ್ಟರು.

"ನನ್ನ ಹೆಂಡತಿ ಇದನ್ನೇ ಹಚ್ಚೋದು. ದಿನಾ ಎರಡು ಹೊತ್ತು ಹಚ್ಚಿ ಅಂತ ಹೇಳಿ ಅವರಿಗೆ. ನಿಂತು ನಿಂತು ಮಾಡೋ ಕೆಲಸ, ಪಾಪ."

ಎಣ್ಣೆ ಮನೆಗೆ ಬಂತು, ಅಜ್ಜಿಯ ಮಂಡಿಗೆ ಹೋಯಿತು. ತಿಂಗಳಲ್ಲಿ ಅಜ್ಜಿ ಮೆಟ್ಟಿಲು ಹತ್ತತೊಡಗಿದರು. "ನಿನ್ನ ಮೇಷ್ಟ್ರಿಗೆ ಹೇಳೇ, ಮಂಡಿ ಗುಣ ಆಯ್ತು ಅಂತ." ಅಕ್ಕ ಹೋಗಿ ಹೇಳಿದಳು: "ಮಂಡಿ ಗುಣ ಆಯ್ತಂತೆ ಸರ್." ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ.

ಇದೆಲ್ಲ ಆಗ ನನಗಾಗಲಿ ಅಜ್ಜಿಗಾಗಲಿ ಗೊತ್ತಿಲ್ಲ. ನಮಗೆ ಕಾಣುತ್ತಿದ್ದದ್ದು, ಅವಳು ಏಳೂವರೆಗೆ ಮನೆಗೆ ಬಂದು, ಊಟ ಮಾಡಿ, ಮೇಜಿನ ಮುಂದೆ ಕೂತು ಕ್ರಿಯಾಪದ ಉರು ಹೊಡೆಯುವುದು. ಒಂದು ದಿನ ಜೋರಾಗಿ ಓದುತ್ತಿದ್ದಳು. ಆ ಭಾಷೆಯಲ್ಲಿ ಭೂತಕಾಲ ಎರಡು ತರಹ. ಮುಗಿದಿದ್ದರೂ ಅದರ ನೂಲು ಇವತ್ತಿನವರೆಗೆ ಎಳೆದುಕೊಂಡು ಬಂದಿದ್ದರೆ ಹತ್ತಿರದ ಭೂತ. ನೂಲು ಕಡಿದು ಹೋಗಿದ್ದರೆ ದೂರದ ಭೂತ. ಅಜ್ಜಿ ಒಳಗಿನಿಂದ ಕೂಗಿದರು: "ಹತ್ತಿರದ ಭೂತ, ದೂರದ ಭೂತ! ಯಾವ ಭೂತ ಹಿಡಿದಿದೆಯೇ ನಿನಗೆ, ಅದನ್ನಾದ್ರೂ ಹೇಳು, ಬಿಡಿಸೋಣ."

ಅಕ್ಕ ನಕ್ಕಳು. ಬಾಯಿ ನಕ್ಕಿತು ಅಂತ ಹೇಳಬೇಕು.

ಭೂತಕಾಲ ಕಲಿತ ಮೇಲೆ ಅವಳು ಅದನ್ನು ಎಲ್ಲದಕ್ಕೂ ಬಳಸಿದಳು. ಅಜ್ಜಿ ಬಿದ್ದದ್ದು, ನಾನು ಅಂಗಡಿ ತೆರೆದದ್ದು, ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿದ್ದು, ಎಲ್ಲವನ್ನೂ ತಪ್ಪಿಲ್ಲದೆ ಬರೆದಳು. ಭಾವ ಮಾತ್ರ ವರ್ತಮಾನದಲ್ಲೇ ಉಳಿದರು. ಮೇಷ್ಟ್ರು ಎರಡು ಸಲ ಪಕ್ಕದಲ್ಲಿ ಗೀಟೆಳೆದು 'ಕಾಲ?' ಎಂದು ಬರೆದಿದ್ದಾರೆ. ಆ ಪುಸ್ತಕ ನಾನು ನೋಡಿದ್ದೇನೆ.

ಸರ್ಟಿಫಿಕೇಟು ಆಯಿತು, ಡಿಪ್ಲೊಮಾ ಆಯಿತು, ಆಮೇಲೆ ಎಂ.ಎ. ಐದು ವರ್ಷ. ಎಂಟು ಜನರಲ್ಲಿ ಕೊನೆಗೆ ಉಳಿದವಳು ಇವಳೊಬ್ಬಳೇ. ಆಸ್ಪತ್ರೆಯಲ್ಲಿ 'ಇಟಲಿ ಮೇಡಂ' ಅಂತ ಹೆಸರು ಬಿತ್ತು. ಅವಳಿಗೆ ಇದರಿಂದ ಖುಷಿ ಇತ್ತೇ ಅಂದರೆ, ಇಲ್ಲ. ಬೇಜಾರೂ ಇರಲಿಲ್ಲ. ಕಾದಂಬರಿಗಳನ್ನು ಅವಳು ಫೈಲು ನೋಡಿದ ಹಾಗೇ ಓದುತ್ತಿದ್ದಳು. ಯಾರು, ಎಲ್ಲಿ, ಮೇಜಿನ ಮೇಲೆ ಏನಿತ್ತು, ಸಹಿ ಇದೆಯೇ. ಯುದ್ಧ ಮುಗಿದ ಕಾಲದ ಬರವಣಿಗೆ ಅವಳಿಗೆ ಹಿಡಿಸಿತು. ಒಡೆದ ಊರುಗಳು, ಒಂದೇ ಕೋಣೆಯಲ್ಲಿ ಆರು ಜನ, ಬಟ್ಟೆ ಒಗೆಯುವವರು, ಕಾರ್ಖಾನೆಗೆ ಹೋಗುವವರು. ಅವರಲ್ಲಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ, ಅದಕ್ಕೆ ಓದಬಹುದು, ಅನ್ನುತ್ತಿದ್ದಳು.

ಪಿಎಚ್.ಡಿ. ಮಾಡಿ ಅಂದದ್ದು ಮೇಷ್ಟ್ರೇ. ನೋಂದಣಿ ಅರ್ಜಿಯನ್ನು ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಿ, ನನ್ನ ಕೌಂಟರಿನ ಮೇಲೇ ಇಟ್ಟುಕೊಂಡು ತುಂಬಿದಳು. ಹೆಸರು, ವಿಳಾಸ, ಹುಟ್ಟಿದ ತಾರೀಕು. 'ವೈವಾಹಿಕ ಸ್ಥಿತಿ' ಅನ್ನುವ ಕಡೆ ನಾಲ್ಕು ಚೌಕ. ಪೆನ್ನು ಅಲ್ಲಿ ನಿಂತಿತು. ದಾಖಲೆ ವಿಭಾಗದವಳಲ್ಲವೇ, ಅರ್ಜಿಯಲ್ಲಿ ತಪ್ಪು ಬರೆಯುವುದು ಅವಳ ಕೈಗೆ ಬಾರದು. ವಿಧವೆ ಎಂಬ ಚೌಕಕ್ಕೆ ಗುರುತು ಹಾಕಿ, ಅರ್ಜಿ ಎತ್ತಿಕೊಂಡು, ಮೇಷ್ಟ್ರ ಸಹಿಗೆ ಹೋದಳು.

ಅಲ್ಲಿ ನಡೆದದ್ದನ್ನು ಅವಳು ಅದೇ ಸಂಜೆ ನನಗೆ ಹೇಳಿದಳು. ಮೊದಲ ದಿನದಿಂದ ಎಲ್ಲವನ್ನೂ ಹೇಳಿದ್ದೂ ಆಗಲೇ.

ಮೇಷ್ಟ್ರು ಓದುತ್ತಾ ಓದುತ್ತಾ ಆ ಚೌಕಕ್ಕೆ ಬಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ. ಯಾವಾಗಮ್ಮ? ನನಗೆ ಹೇಳಲೇ ಇಲ್ಲ?"

ಅಕ್ಕ ತಾರೀಕು ಹೇಳಿದಳು. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡನೇ ಸಲ ಹಾಕಿದರು.

"ಅದು ನೀವು ಕ್ಲಾಸಿಗೆ ಸೇರೋದಕ್ಕಿಂತ ಮುಂಚೆ."

"ಹೌದು ಸರ್. ಒಂದು ತಿಂಗಳು ಮುಂಚೆ."

"ಹಾಗಾದ್ರೆ... ಆ ಪ್ರಬಂಧಗಳೆಲ್ಲ?"

"ಅದೆಲ್ಲ ನಿಜವೇ ಸರ್. ಕಾಲ ಮಾತ್ರ ತಪ್ಪು."

ಮೇಷ್ಟ್ರು, ಕೋಪ ಅಂತಲೂ ಅಲ್ಲ, ಪೆಟ್ಟು ತಿಂದವರ ಹಾಗೆ ಹೇಳಿದರು: "ಐದು ವರ್ಷ ನಾನು ಅವರ ಆರೋಗ್ಯ ವಿಚಾರಿಸ್ತಾ ಇದ್ದೆನಲ್ಲಮ್ಮ."

"ಹೌದು ಸರ್. ಬೇರೆ ಯಾರೂ ವಿಚಾರಿಸ್ತಿರಲಿಲ್ಲ."

ಅವರು ಸಹಿ ಮಾಡಲಿಲ್ಲ. ಅರ್ಜಿಯನ್ನು ಡ್ರಾಯರಿನೊಳಗೆ ಹಾಕಿ, ಹೋಗಿ ಬನ್ನಿ ಅಂದರು. ಅಕ್ಕ ಬಂದಳು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದಿಷ್ಟನ್ನೂ ಹೇಳಿದಾಗ ನಾನು ಅತ್ತೆ. ಜೆರಾಕ್ಸ್ ಯಂತ್ರದ ಮೇಲೆ ಮೊಣಕೈ ಊರಿ, ಗಿರಾಕಿಗಳಿದ್ದಾರೆ ಅನ್ನುವುದನ್ನೂ ನೋಡದೆ ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಅವಳ ಕೈ ಬೆಚ್ಚಗೇ ಇತ್ತು. "ಅಳಬೇಡ್ವೇ, ಕಾಗದ ಒದ್ದೆ ಆಗುತ್ತೆ," ಅಂದಳು.

"ಯಾಕೇ ಹಾಗೆ ಮಾಡಿದೆ? ಹುಚ್ಚು ಅನ್ನಲ್ವಾ ಜನ?"

"ಮಾಡಿದ್ದು ಅಂತ ಏನೂ ಇಲ್ಲ. ಅಲ್ಲಿ ಅವರು ಇದ್ರು. ಇಲ್ಲಿ ಇರಲಿಲ್ಲ. ಅಲ್ಲಿ ಒಂದೂವರೆ ಗಂಟೆ ಕೂತು ಬರ್ತಿದ್ದೆ, ಅಷ್ಟೇ." ಮತ್ತೆ ಸೇರಿಸಿದಳು: "ಅಲ್ಲಿ ಕೂತಾಗಲೂ ಏನೂ ಅನಿಸ್ತಿರಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಅದು ಸರಿಹೋಗ್ತಿತ್ತು. ಗಂಡ ಬದುಕಿದಾನೆ ಅಂದ್ರೆ ಯಾಕೆ ಅಳ್ತಿಲ್ಲ ಅಂತ ಯಾರು ಕೇಳ್ತಾರೆ?"

ಒಂದು ತಿಂಗಳು ಮೇಷ್ಟ್ರಿಂದ ಸುದ್ದಿಯಿಲ್ಲ. ಅಕ್ಕ ಆ ಕಡೆ ಹೋಗಲಿಲ್ಲ. ಐದಕ್ಕೆ ನೆಟ್ಟಗೆ ಬಸ್ಸು ಹತ್ತಿ ಐದೂವರೆಗೆ ಮನೆಯಲ್ಲಿರುತ್ತಿದ್ದಳು. ಕುರ್ಚಿ ತೆಗೆದು ಒರೆಸುವುದು, ಮತ್ತೆ ಹಾಕುವುದು. ಕೊನೆಗೆ ಅಜ್ಜಿ ನನ್ನನ್ನು ಕೇಳಿದರು, ಇವಳಿಗೆ ಏನಾಗಿದೆ ಅಂತ. ನಾನು ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆ ಆಯಿತು. ಮಗನನ್ನು ಕಳೆದುಕೊಂಡವರಿಗೆ ಇದೆಂಥ ಮಾತು!

ಮೂರನೆಯ ದಿನ ಅಜ್ಜಿ ಒಳ್ಳೆಯ ಬಟ್ಟೆ ಉಟ್ಟು, ಖಾಲಿ ಎಣ್ಣೆ ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ವಿದೇಶಿ ಭಾಷೆಗಳ ವಿಭಾಗಕ್ಕೆ ಹೋದರು. ಎರಡು ಮಹಡಿ ಹತ್ತಿದರು. ಮೇಷ್ಟ್ರ ಮೇಜಿನ ಮೇಲೆ ಬಾಟಲಿ ಇಟ್ಟರು.

"ಇದು ನನ್ನ ಮಂಡಿಗೆ ಬಂದದ್ದು. ನನ್ನ ಮಗನಿಗೆ ಅಲ್ಲ. ಎಣ್ಣೆ ಒಳ್ಳೇದು. ಅದಕ್ಕೆ ನಿಮಗೆ ಪುಣ್ಯ ಬರಲಿ."

ಮೇಷ್ಟ್ರು ಗಾಬರಿಯಿಂದ ಎದ್ದು ನಿಂತರು. "ಕೂತ್ಕೊಳ್ಳಿ ಅಮ್ಮ."

"ಕೂರಲ್ಲ. ನನ್ನ ಮಗ ಹೋದ ಮೇಲೆ ಅವನ ಹೆಸರು ಹೇಳಿದ್ರೆ ಜನ ಮಾತು ಬದಲಾಯಿಸ್ತಾರೆ. ನನಗೆ ಬೇಜಾರಾಗುತ್ತೆ ಅಂತ. ನೀವು ವಾರಕ್ಕೊಂದು ಸಲ ಅವನ ವಿಷಯ ಕೇಳಿದ್ರಿ. ಅವಳು ಹೇಳಿದಳು. ಮೋಸ ಅಂತ ನಿಮಗೆ ಅನಿಸಿದ್ರೆ ಅನಿಸಲಿ. ಆದ್ರೆ ಅವಳನ್ನ ಮನೇಲಿ ಕೂರಿಸಬೇಡಿ. ನನ್ನ ಕುರ್ಚಿಗಳೆಲ್ಲ ಸವೆದು ಹೋಗ್ತಿವೆ."

ಮೇಷ್ಟ್ರು ಡ್ರಾಯರ್ ತೆಗೆದು ಅರ್ಜಿ ಹೊರಗಿಟ್ಟರು. ಸಹಿ ಆಗಲೇ ಆಗಿತ್ತು. ಕಳಿಸುವುದು ಹೇಗೆ, ಕರೆಯುವುದು ಹೇಗೆ ಎಂದು ತಿಳಿಯದೆ ಇಟ್ಟುಕೊಂಡಿದ್ದರು. ನಾಚಿಕೆಯಿಂದ ಹೇಳಿದರು: "ಬೈಯೋಕೆ ಮನಸ್ಸು ಬರಲಿಲ್ಲ, ಸಮಾಧಾನ ಹೇಳೋಕೆ ಐದು ವರ್ಷ ತಡ ಆಗಿತ್ತು."

ಅರ್ಜಿಯಲ್ಲಿ ಸಂಶೋಧನೆಯ ವಿಷಯದ ಜಾಗ ಖಾಲಿ ಇತ್ತು. ಮರುದಿನ ಅಕ್ಕ ಹೋದಾಗ ಇಬ್ಬರೂ ಕೂತು ತುಂಬಿದರು: ಆಧುನಿಕ ಇಟಾಲಿಯನ್ ಕಾದಂಬರಿಯಲ್ಲಿ ವಾಸ್ತವವಾದ ಮತ್ತು ಅಸ್ಮಿತೆ. ಅಷ್ಟು ದೊಡ್ಡ ಮಾತು ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ನನ್ನ ಅಂಗಡಿಗೆ ಬಂದಾಗ ಕೇಳಿದೆ. ಅವರು ಕೌಂಟರ್ ಮೇಲಿದ್ದ ಸ್ಟೇಪ್ಲರ್ ತೋರಿಸಿದರು. "ಇಲ್ಲಿ ಏನಿದೆ ಅಂತ ಇದ್ದ ಹಾಗೆ ಹೇಳೋದು ವಾಸ್ತವವಾದ. ಹೇಳ್ತಾ ಇರೋನು ಯಾರು ಅಂತ ತಿರುಗಿ ಕೇಳಿದ್ರೆ ಅಸ್ಮಿತೆ. ಎರಡನೇದು ಕೇಳಿದ ತಕ್ಷಣ ಮೊದಲನೇದು ಅಲ್ಲಾಡೋಕೆ ಶುರು ಆಗುತ್ತೆ. ನಿಮ್ಮಕ್ಕನಿಗೆ ನಾನು ಹೇಳಿಕೊಡಬೇಕಾಗಿಲ್ಲ."

ಆರು ವರ್ಷ ಬರೆದಳು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳೂವರೆ ಗ್ರಂಥಾಲಯದಲ್ಲಿ. ಒಂದು ಕಾದಂಬರಿ ಅವಳನ್ನು ಹಿಡಿದಿಟ್ಟಿತು. ಅದರಲ್ಲಿ ಒಬ್ಬ ಹೆಂಗಸು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಗಂಡ ಯುದ್ಧದಿಂದ ವಾಪಸು ಬಂದಿಲ್ಲ. ಸತ್ತ ಎಂದು ಕಾಗದವೂ ಬಂದಿದೆ. ಆದರೂ ಅವಳು ದಿನವೂ ಊಟಕ್ಕೆ ಎರಡು ತಟ್ಟೆ ಇಡುತ್ತಾಳೆ. ಕಥೆ ಅಷ್ಟೇ. ಅವಳು ತನ್ನನ್ನೇ ಮೋಸಗೊಳಿಸಿಕೊಳ್ಳುತ್ತಿದ್ದಾಳೆ ಎಂದು ಹಿಂದಿನವರೆಲ್ಲ ಬರೆದಿದ್ದರಂತೆ. ಅಕ್ಕ ಒಪ್ಪಲಿಲ್ಲ. ಇನ್ನೂರು ಪುಟದ ಆ ಕಾದಂಬರಿಯಲ್ಲಿ ತಟ್ಟೆ ಎಷ್ಟು ಕಡೆ ಬರುತ್ತದೆ, ಪ್ರತಿ ಸಲ ಕ್ರಿಯಾಪದ ಯಾವ ಕಾಲದಲ್ಲಿದೆ ಎಂದು ಪಟ್ಟಿ ಮಾಡಿದಳು. ಆಸ್ಪತ್ರೆ ಫೈಲುಗಳಿಗೆ ಬಳಸುವ ಬಣ್ಣದ ಪಟ್ಟಿಗಳನ್ನೇ ಪುಸ್ತಕಕ್ಕೂ ಅಂಟಿಸಿದ್ದಳು. ಮೇಷ್ಟ್ರು ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ಇದರಲ್ಲಿ ನೀವೆಲ್ಲಿ?' ಅವಳು ಕೆಳಗೆ ಪೆನ್ಸಿಲಿನಲ್ಲಿ ಬರೆದಳು: 'ಸಂಶೋಧನಾ ಪ್ರಬಂಧದಲ್ಲಿ ನಾನು ಯಾಕೆ ಸರ್?'

ಬೈಂಡಿಂಗ್ ನಾನೇ ಮಾಡಿದೆ. ನೀಲಿ ರೆಕ್ಸಿನ್, ಬಂಗಾರದ ಅಕ್ಷರ, ಐದು ಪ್ರತಿ. ಅರ್ಪಣೆಗೆ ಒಂದು ಪುಟ ಬಿಡಲೇ ಅಂದರೆ ಬೇಡ ಅಂದಳು. ನಾನು ಒತ್ತಾಯಿಸಲಿಲ್ಲ.

ಮೌಖಿಕ ಪರೀಕ್ಷೆ ಎಲ್ಲರಿಗೂ ತೆರೆದದ್ದು. ನಾನೂ ಅಜ್ಜಿಯೂ ಹಿಂದಿನ ಸಾಲಿನಲ್ಲಿ ಕೂತೆವು. ಹೊರಗಿನಿಂದ ಬಂದ ಪರೀಕ್ಷಕರು ಗಡ್ಡದ ಮನುಷ್ಯ, ಮಾತು ನಿಧಾನ. ಸುಮಾರು ಪ್ರಶ್ನೆ ಕೇಳಿದರು, ಅಕ್ಕ ಪುಟದ ನಂಬರು ಸಮೇತ ಉತ್ತರ ಹೇಳಿದಳು. ಕೊನೆಗೆ ಅವರು ಹಿಂದಕ್ಕೆ ಒರಗಿ ಕೇಳಿದರು:

"ಗುಂಡಿ ಕಾರ್ಖಾನೆಯ ಹೆಂಗಸು ಆತ್ಮವಂಚನೆ ಮಾಡ್ಕೋತಿಲ್ಲ ಅಂತೀರಿ. ಕಾಗದ ಬಂದಿದೆ. ಅವಳೇ ಓದಿದ್ದಾಳೆ. ಆದ್ರೂ ತಟ್ಟೆ ಇಡ್ತಾಳೆ. ಇದು ವಂಚನೆ ಅಲ್ಲದೆ ಮತ್ತೇನು?"

ಅಕ್ಕ ನೀರಿನ ಲೋಟ ಮುಟ್ಟಿದಳು, ಕುಡಿಯಲಿಲ್ಲ.

"ಅವಳಿಗೆ ಗೊತ್ತಿದೆ ಸರ್. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆ. ಗೊತ್ತಾಗೋದೂ ಅನಿಸೋದೂ ಒಂದೇ ದಿನ ಬರಬೇಕು ಅಂತ ಎಲ್ಲೂ ಬರೆದಿಲ್ಲ. ಕೆಲವರಿಗೆ ಒಂದು ಮೊದಲು ಬರುತ್ತೆ, ಇನ್ನೊಂದು ಆಮೇಲೆ. ಇನ್ನೊಂದು ಬರದೇನೂ ಇರಬಹುದು. ಲೇಖಕರು ಅದು ಬರುತ್ತೆ ಅಂತ ಬರೆದಿಲ್ಲ. ಬರೀದೇ ಬಿಟ್ಟಿದ್ದೇ ಅವರ ವಾಸ್ತವ. ನಾನೂ ಬರುತ್ತೆ ಅಂತ ಬರೀಲಿಲ್ಲ."

ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು. ಪರೀಕ್ಷಕರು ತಮ್ಮ ಕಾಗದದ ಮೇಲೆ ಏನೋ ಬರೆದುಕೊಂಡು, ಸಾಕು ಅಂದರು. ಅಜ್ಜಿ ನನ್ನ ಕಿವಿಯಲ್ಲಿ ಕೇಳಿದರು: "ಪಾಸೇನೇ?"

ಪಾಸು. ಆಸ್ಪತ್ರೆಯಲ್ಲಿ ಬಾಗಿಲ ಮೇಲಿನ ಪಟ್ಟಿಯಲ್ಲಿ ಅವಳ ಹೆಸರಿನ ಹಿಂದೆ 'ಡಾ.' ಸೇರಿಸಿದರು. ಮರುದಿನವೇ ಒಬ್ಬ ಮುದುಕ ನೆಲಮಾಳಿಗೆಗೆ ಇಳಿದು ಬಂದು ಅವಳ ಮುಂದೆ ನಾಲಿಗೆ ಚಾಚಿ ನಿಂತನಂತೆ. "ಅಪ್ಪಾ, ನಾನು ಆ ಡಾಕ್ಟರ್ ಅಲ್ಲ." "ಮತ್ತೆ ಯಾವ ಡಾಕ್ಟರು?" "ಪುಸ್ತಕದ ಡಾಕ್ಟರು." "ಪುಸ್ತಕಕ್ಕೆ ಏನು ಕಾಯಿಲೆ ತಾಯಿ?" ಈ ಪ್ರಸಂಗ ಹೇಳಿ ಅವಳು ಇಡೀ ಆಸ್ಪತ್ರೆಯನ್ನು ನಗಿಸಿದಳು. ಬೋರ್ಡನ್ನು ಮಾತ್ರ ಮತ್ತೆ ಹಳೆಯದಕ್ಕೆ ಬದಲಾಯಿಸಿಕೊಂಡಳು.

ಅದಾದ ಮೇಲಿನ ವರ್ಷ ಅಜ್ಜಿ, ಸಾಯೋದರೊಳಗೆ ಸಮುದ್ರ ನೋಡಬೇಕು ಅಂದರು. ಎಂಬತ್ತನಾಲ್ಕಕ್ಕೆ ಹುಟ್ಟಿದ ಆಸೆ, ಬೇಡ ಅನ್ನುವುದು ಹೇಗೆ? ಮೂವರೂ ಹೋದೆವು. ತೀರದ ಹತ್ತಿರ ಒಂದು ಸಾಧಾರಣ ಹೋಟೆಲು, ಒಂದೇ ಕೋಣೆ, ಮೂರು ಮಂಚ. ಸಂಜೆ ತೀರದಲ್ಲಿ ಕೂತೆವು. ಅಜ್ಜಿ ಸಮುದ್ರವನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟೇನಾ? ಬರೀ ನೀರು," ಅಂದರು. ಆದರೆ ಎದ್ದು ಬರಲು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಏಳಲಿಲ್ಲ. ಐದಕ್ಕೆ ಏಳುವವಳು ಎಂಟಕ್ಕೂ ಎದ್ದಿರಲಿಲ್ಲ. ನಾನು ಹತ್ತಿರ ಹೋಗಿ ಉಸಿರು ನೋಡಿದೆ. ಗಾಢವಾಗಿ ನಿದ್ದೆ ಮಾಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಹತ್ತಾಯಿತು. ಹನ್ನೊಂದೂವರೆ ಆಯಿತು. ಕೋಣೆ ಬಿಡಬೇಕಾದ ಸಮಯ ಎಂದು ಹೋಟೆಲಿನವನು ಬಂದು ಬಾಗಿಲು ತಟ್ಟಲು ಕೈ ಎತ್ತಿದ. ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದವರು, ಬೆರಳನ್ನು ತುಟಿಗಿಟ್ಟು ಅವನನ್ನು ನಿಲ್ಲಿಸಿದರು.

"ಇನ್ನೊಂದು ದಿನ ಇರ್ತೀವಿ ಹೋಗಪ್ಪ," ಅಂದರು ಪಿಸುಮಾತಿನಲ್ಲಿ.

ಅಕ್ಕ ಎದ್ದಾಗ ಮಧ್ಯಾಹ್ನ ಎರಡು ಗಂಟೆ. ಎದ್ದು ಕೂತು ಗೋಡೆ ನೋಡಿದಳು, ನಮ್ಮನ್ನು ನೋಡಿದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು.

"ಹಸಿವಾಗ್ತಿದೆ," ಅಂದಳು. ಭಾವ ಹೋದ ಮೇಲಿನ ಹನ್ನೆರಡು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ನಾನು ಕೆಳಗೆ ಓಡಿ ಊಟ ತಂದೆ. ಅವಳು ಕಾಲು ಮಡಚಿ ಮಂಚದ ಮೇಲೇ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಪೂರ್ತಿ ಊಟ ಮಾಡಿದಳು. ಅಜ್ಜಿ ಪಕ್ಕದಲ್ಲಿ ಕೂತು ನೀರಿನ ಲೋಟ ಹಿಡಿದುಕೊಂಡಿದ್ದರು.